ಜಲಪಾತಕ್ಕೆ ಬರೋರು ಮಸಗುಪ್ಪಿಗೆ ಯಾಕೆ ಬರಲ್ಲ?

2019ರ ಆಗಸ್ಟ್ ತಿಂಗಳು ನಿಮಗೆ ನೆನಪಿದೆ ಅಲ್ವಾ? ಬೆಳಗಾವಿ ಜಿಲ್ಲೆಯ ನದಿಗಳೆಲ್ಲ ದಡ ಮೀರಿದ್ದವು. ನಾನು ಸ್ಟುಡಿಯೋದಲ್ಲಿ ಕೂತು ಸುದ್ದಿ ಓದ್ತಾ ಇದ್ದೆ. ಪರದೆ ಎರಡು ಭಾಗ ಆಗಿತ್ತು. ಎಡಗಡೆ ಗೋಕಾಕ ಜಲಪಾತ, ಕೆಂಪು ನೀರು ಹೊಗೆಯಾಡ್ತಾ ಬೀಳ್ತಿದೆ. ಬಲಗಡೆ ಮಸಗುಪ್ಪಿ, ಮನೆಗಳ ಬಾಗಿಲ ಮಟ್ಟಕ್ಕೆ ಅದೇ ಕೆಂಪು ನೀರು ನಿಂತಿದೆ. ಎಡಗಡೆ ಪಟ್ಟಿಯಲ್ಲಿ ‘ರುದ್ರ ರಮಣೀಯ’. ಬಲಗಡೆ ಪಟ್ಟಿಯಲ್ಲಿ ‘ಜಲಕಂಟಕ’. ಎರಡನ್ನೂ ಒಂದೇ ಉಸಿರಲ್ಲಿ ಓದಿದವನು ನಾನೇ.

ಎರಡೂ ಕಡೆ ಇದ್ದದ್ದು ಒಂದೇ ನದಿ ಅನ್ನೋದು ನನಗೆ ಹೊಳೆದದ್ದು ಬುಲೆಟಿನ್ ಮುಗಿದು, ಮೇಕಪ್ ಒರೆಸಿಕೊಂಡು, ಚಹಾ ಕುಡಿಯೋವಾಗ.

ಘಟಪ್ರಭಾ ನದಿಯ ದಾರಿ ಒಮ್ಮೆ ನೋಡಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಅದಕ್ಕೆ ಅಣೆಕಟ್ಟು, ಸುಮಾರು 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ. ಅಲ್ಲಿಂದ ಕೆಳಗೆ ಹಿರಣ್ಯಕೇಶಿ ಬಂದು ಕೂಡುತ್ತೆ. ಆಮೇಲೆ ಧೂಪದಾಳ, ಆಮೇಲೆ 52 ಮೀಟರ್ ಎತ್ತರದಿಂದ ಜಿಗಿಯುವ ಗೋಕಾಕ ಜಲಪಾತ. ಗೋಕಾಕ ಊರಿನ ಹತ್ತಿರ ಮಾರ್ಕಂಡೇಯ ಸೇರುತ್ತೆ. ಮೂರೂ ನದಿಗಳ ನೀರು ಹೊತ್ತುಕೊಂಡು ಅದು ಬಯಲಿಗೆ ಇಳಿದ ಮೇಲೆ ಸಿಗೋ ಊರುಗಳಲ್ಲಿ ಒಂದು, ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ಮಸಗುಪ್ಪಿ. ಜಲಪಾತದಲ್ಲಿ ಸೆಲ್ಫಿಗೆ ಸಿಕ್ಕ ನೀರು, ಕೆಲವು ತಾಸಿನ ನಂತರ ಇನ್ನೊಬ್ಬರ ಅಡುಗೆಮನೆಗೆ ಬರುತ್ತೆ.

ಇವತ್ತಿನ ವಿಷಯ ನೆರೆ ಅಲ್ಲ, ಪ್ರವಾಸೋದ್ಯಮ. ಗೋಕಾಕದಂಥ ಊರಿಗೆ ಬರೋ ಪ್ರವಾಸಿಗೆ ನಾವು ಏನು ತೋರಿಸ್ತೀವಿ? ಏನು ತೋರಿಸಬಹುದು? ಅದನ್ನ ಯಾರ ಬಾಯಿಂದ ಕೇಳಬೇಕು?

ಈಗ ನಡೆಯೋದು ಹೀಗೆ. ಮಳೆಗಾಲದ ಭಾನುವಾರ ಕಾರುಗಳು ಸಾಲುಗಟ್ಟಿ ಬರ್ತವೆ. ಜಲಪಾತ ನೋಡ್ತಾರೆ, ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಹತ್ತಿರ ಫೋಟೋ ತೆಗೀತಾರೆ, ಗೋವಿನಜೋಳ ಸುಟ್ಟಿದ್ದು ತಿಂತಾರೆ, ಊರಿಗೆ ಬಂದು ಎರಡು ಡಬ್ಬಿ ಕರದಂಟು ಕಟ್ಟಿಸ್ಕೊಂಡು ಹೊರಟುಹೋಗ್ತಾರೆ. ಮಧ್ಯಾಹ್ನದ ಊಟಕ್ಕೆ ಬೆಳಗಾವಿ ತಲುಪಿರ್ತಾರೆ. ಬೇಸಿಗೆಯಲ್ಲಂತೂ ಬಂಡೆ ಬಿಟ್ಟರೆ ಏನೂ ಕಾಣಲ್ಲ, ಹಾಗಾಗಿ ಆಗ ಬರೋದೇ ಇಲ್ಲ.

ಆ ಬಂಡೆಯ ಪಕ್ಕದಲ್ಲೇ 1885ರಲ್ಲಿ ಶುರುವಾದ ಹತ್ತಿ ಗಿರಣಿ ಇದೆ. ಜಲಪಾತದ ನೀರಿನಿಂದ ಅಲ್ಲಿ ವಿದ್ಯುತ್ ತೆಗೆದದ್ದು 1887ರಲ್ಲಿ ಅಂತ ದಾಖಲೆಗಳು ಹೇಳ್ತವೆ. ನಾವು ಶಾಲೆಯಲ್ಲಿ ಓದಿದ ಶಿವನಸಮುದ್ರ ಬಂದದ್ದು 1902ರಲ್ಲಿ. ಇಂಜಿನಿಯರಿಂಗ್ ನಾಲ್ಕು ವರ್ಷ ಓದಿದ ನನಗೆ ಇದನ್ನ ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ. ಇನ್ನೂ ಒಂದು ತಮಾಷೆ ಹೇಳ್ತೀನಿ. ಗೋಕಾಕ ಚಳವಳಿ ಗೋಕಾಕದಲ್ಲಿ ನಡೆದದ್ದು ಅಂತ ಬಹಳ ಜನ ಇವತ್ತಿಗೂ ತಿಳ್ಕೊಂಡಿದಾರೆ. ಆ ಹೆಸರು ಬಂದದ್ದು ವರದಿ ಕೊಟ್ಟ ಸಮಿತಿಯ ಅಧ್ಯಕ್ಷ ವಿನಾಯಕ ಕೃಷ್ಣ ಗೋಕಾಕರಿಂದ, ಅವರು ಹುಟ್ಟಿದ್ದು ಸವಣೂರಿನಲ್ಲಿ. ಊರಿನ ಹೆಸರು ರಾಜ್ಯಕ್ಕೆಲ್ಲ ಗೊತ್ತು, ಊರು ಮಾತ್ರ ಗೊತ್ತಿಲ್ಲ.

ಆ ಗಿರಣಿಯಲ್ಲಿ ನೂಲು ತೆಗೆದವರು ಯಾರು? ರಾತ್ರಿ ಪಾಳಿ ಹೇಗಿತ್ತು? ಹತ್ತಿಯ ದೂಳು ಮೂಗಿಗೆ ಹೋದಾಗ ಏನು ಮಾಡ್ತಿದ್ದರು? ಸಂಬಳದ ದಿನ ಸಂತೆ ಹೇಗೆ ಕಾಣ್ತಿತ್ತು? ಕಂಪನಿ ಹೆಸರು, ಇಸವಿ, ಅಶ್ವಶಕ್ತಿ ಕಾಗದದಲ್ಲಿ ಸಿಗುತ್ತೆ. ಮೇಲಿನ ನಾಲ್ಕು ಪ್ರಶ್ನೆಗೆ ಉತ್ತರ ಇರೋದು ಮನುಷ್ಯರ ಹತ್ತಿರ. ಆ ಮನುಷ್ಯರಿಗೆ ವಯಸ್ಸಾಗ್ತಾ ಇದೆ.

ನಮ್ಮಲ್ಲಿ ಪ್ರವಾಸಿ ತಾಣ ಮಾಡೋ ಕ್ರಮವೇ ಉಲ್ಟಾ. ಮೊದಲು ಡಿಪಿಆರ್ ರೆಡಿ ಆಗುತ್ತೆ. ಅದರಲ್ಲಿ ಪ್ರವೇಶದ್ವಾರ, ಪಾರ್ಕಿಂಗ್, ಸೆಲ್ಫಿ ಪಾಯಿಂಟ್, ‘ಐ ಲವ್’ ಅಂತ ಊರಿನ ಹೆಸರಿನ ದೊಡ್ಡ ಅಕ್ಷರಗಳು. ಕೊನೆಗೆ ಗೋಡೆ ಖಾಲಿ ಕಾಣುತ್ತೆ ಅಂತ ಯಾರಿಗೋ ಹೊಳೆದು, ಗೆಜೆಟಿಯರ್‌ನಿಂದ ನಾಲ್ಕು ಸಾಲು ತೆಗೆದು ಬೋರ್ಡ್ ಬರೆಸ್ತಾರೆ. ಕಟ್ಟಡ ಕಟ್ಟೋವಾಗ ಮಣ್ಣು ಪರೀಕ್ಷೆ ಮಾಡದೆ ಪಾಯ ತೆಗೆದರೆ ಸಸ್ಪೆಂಡ್ ಮಾಡ್ತೀರಿ. ಊರಿನ ಕಥೆ ಕೇಳದೆ ಊರಿನ ಮ್ಯೂಸಿಯಂ ಕಟ್ಟಿದರೆ ರಿಬ್ಬನ್ ಕತ್ತರಿಸ್ತೀರಿ. ಇದ್ಯಾವ ನ್ಯಾಯ ಸ್ವಾಮಿ?

ಕಥೆಯಿಂದ ಜನ ಬರಲ್ಲ ಅನ್ನೋರಿಗೆ ಅರಸಾಳು ತೋರಿಸ್ತೀನಿ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಒಂದು ಸಣ್ಣ ರೈಲು ನಿಲ್ದಾಣ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಅದೇ ಮಾಲ್ಗುಡಿ ಸ್ಟೇಷನ್. 2020ರಲ್ಲಿ ನೈಋತ್ಯ ರೈಲ್ವೆಯವರು ಆ ಹಳೇ ಕಟ್ಟಡವನ್ನ ದುರಸ್ತಿ ಮಾಡಿ, ಕಲಾವಿದ ಜಾನ್ ದೇವರಾಜ್ ಅವರ ಕೈಲಿ ಮಾಲ್ಗುಡಿ ಮ್ಯೂಸಿಯಂ ಮಾಡಿಸಿದರು. ಜನ ಹುಡುಕ್ಕೊಂಡು ಹೋಗ್ತಾರೆ. ಸಂತೋಷ. ಆದರೆ ಮಾಲ್ಗುಡಿ ಅನ್ನೋ ಊರು ಇಲ್ಲ. ಆರ್.ಕೆ. ನಾರಾಯಣ್ ಅವರ ತಲೆಯಲ್ಲಿ ಹುಟ್ಟಿದ ಊರು ಅದು. ಇಲ್ಲದ ಊರಿನ ಕಥೆಗೇ ಒಂದು ಮನೆ ಸಿಕ್ಕಿತು. ಇರೋ ಊರುಗಳ ಕಥೆ ಬೀದಿಯಲ್ಲೇ ಇದೆ.

ಗೋಕಾಕದಿಂದ ದೂರವಲ್ಲದ ಕೊಲ್ಹಾಪುರದ ಕಣೇರಿ ಮಠದ ಸಿದ್ಧಗಿರಿ ಮ್ಯೂಸಿಯಂ ನಿಮ್ಮಲ್ಲಿ ಹಲವರು ನೋಡಿರ್ತೀರಿ. ಕುಂಬಾರ, ಕಮ್ಮಾರ, ಕ್ಷೌರಿಕ, ಬುತ್ತಿ ಹೊತ್ತ ಹೆಣ್ಣುಮಗಳು, ಹೀಗೆ ನೂರಾರು ಪ್ರತಿಮೆಗಳು. ಜೀವ ಇದೆಯೇನೋ ಅನ್ನೋ ಹಾಗೆ ಮಾಡಿದಾರೆ, ನಾನೂ ಬೆರಗಾಗಿ ನೋಡಿದೀನಿ. ಆದರೆ ಅಲ್ಲಿರೋ ಕುಂಬಾರ ‘ಒಬ್ಬ ಕುಂಬಾರ’. ಅವನಿಗೆ ಸಾಲ ಇತ್ತಾ, ಮಗಳ ಮದುವೆ ಆಯ್ತಾ, ಮಗ ಗಡಿಗೆ ಮಾಡೋದು ಬಿಟ್ಟು ಎಲ್ಲಿಗೆ ಹೋದ, ಪ್ರತಿಮೆ ಹೇಳಲ್ಲ. ನಾನು ಕೇಳ್ತಿರೋದು ಆ ಮಾತನ್ನ.

ಜನರ ಬಾಯಿಂದ ಊರಿನ ಚರಿತ್ರೆ ಕೇಳಿ ದಾಖಲಿಸೋದಕ್ಕೆ ಮೌಖಿಕ ಇತಿಹಾಸ ಅಂತಾರೆ. ಇದನ್ನ ಮಾಡೋರಿಗೆ ಬರೋ ಮೊದಲ ಟೀಕೆ ಒಂದೇ: ‘ಅಜ್ಜ ಅಜ್ಜಿ ಹೇಳಿದ್ದು ನಂಬೋಕಾಗುತ್ತಾ? ಇಸವಿ ತಪ್ಪು ಹೇಳ್ತಾರೆ.’ ನಾನೂ ಹಾಗೇ ಅಂದ್ಕೊಂಡಿದ್ದೆ, ಇಟಲಿಯ ತೆರ್ನಿ ಅನ್ನೋ ಊರಿನ ಬಗ್ಗೆ ಓದುವವರೆಗೂ.

ತೆರ್ನಿಯನ್ನ ಗೋಕಾಕದ ಅಣ್ಣ ಅನ್ನಬಹುದು. ಅಲ್ಲೂ ಒಂದು ಜಲಪಾತ, ಹೆಸರು ಮಾರ್ಮೊರೆ, 165 ಮೀಟರ್. ಅಲ್ಲೂ ಆ ನೀರು ನಂಬಿಕೊಂಡು ಬಂದ ಕಾರ್ಖಾನೆ. ಇಲ್ಲಿ ನೂಲಿನ ಗಿರಣಿ, ಅಲ್ಲಿ ಉಕ್ಕಿನದು, 1884ರಲ್ಲಿ ಶುರುವಾದದ್ದು. ಅಲ್ಲೂ ನೀರನ್ನ ವಿದ್ಯುತ್ತಿಗೆ ತಿರುಗಿಸ್ತಾರೆ, ಪ್ರವಾಸಿಗರಿಗೋಸ್ಕರ ಗೊತ್ತಾದ ಹೊತ್ತಿಗೆ ಜಲಪಾತಕ್ಕೆ ಬಿಡ್ತಾರೆ. ನಲ್ಲಿ ತಿರುಗಿಸಿದ ಹಾಗೆ!

ಆ ಊರಿನ ಕಾರ್ಮಿಕರ ಮಾತುಗಳನ್ನ ಅಲೆಸ್ಸಾಂದ್ರೊ ಪೊರ್ತೆಲ್ಲಿ ಅನ್ನೋ ವಿದ್ವಾಂಸರು ವರ್ಷಗಟ್ಟಲೆ ಟೇಪ್ ಮಾಡಿಕೊಂಡರು. ಲುಯಿಜಿ ತ್ರಸ್ತುಲ್ಲಿ ಅನ್ನೋ 21 ವರ್ಷದ ಕಾರ್ಮಿಕನ ಸಾವಿನ ಕಥೆ ಮತ್ತೆ ಮತ್ತೆ ಬಂತು. ದಾಖಲೆಯ ಪ್ರಕಾರ ಅವನು ಸತ್ತದ್ದು 1949ರ ಮಾರ್ಚ್ 17ರಂದು, ನ್ಯಾಟೋ ಒಪ್ಪಂದದ ವಿರುದ್ಧದ ಪ್ರತಿಭಟನೆಯಲ್ಲಿ ಪೊಲೀಸರ ಜೊತೆ ಘರ್ಷಣೆ ಆದಾಗ. ಆದರೆ ಊರಿನ ಬಹಳ ಜನ ಹೇಳಿದ್ದು 1953 ಅಂತ. ಆ ವರ್ಷ ಕಾರ್ಖಾನೆ ಎರಡು ಸಾವಿರ ಜನರನ್ನ ಕೆಲಸದಿಂದ ತೆಗೆದಿತ್ತು, ಬೀದಿಯಲ್ಲಿ ಹೋರಾಟ ಆಗಿತ್ತು. ಅವನು ಆ ಹೋರಾಟದಲ್ಲಿ ಸತ್ತ ಅಂತ ಜನ ನೆನಪಿಟ್ಟುಕೊಂಡಿದ್ದರು.

ಸುದ್ದಿಮನೆಯಲ್ಲಿ ಇದು ಆಗಿದ್ದರೆ ನಾವು ‘ಫ್ಯಾಕ್ಟ್ ಚೆಕ್’ ಅಂತ ಕೆಂಪು ಮುದ್ರೆ ಒತ್ತಿ ಮುಗಿಸ್ತಿದ್ವಿ. ಪೊರ್ತೆಲ್ಲಿ ಹಾಗೆ ಮಾಡಲಿಲ್ಲ. ಸರಿಯಾದ ದಿನಾಂಕವನ್ನೂ ಬರೆದರು, ಇಷ್ಟೊಂದು ಜನ ಯಾಕೆ ಒಂದೇ ಥರ ತಪ್ಪು ನೆನಪಿಟ್ಟಿದಾರೆ ಅಂತಲೂ ಕೇಳಿದರು. ಉತ್ತರ ಇದು: ಕೆಲವು ನಿಮಿಷದ ಗಲಾಟೆಯಲ್ಲಿ ತಮ್ಮ ಹುಡುಗನೊಬ್ಬ ಸತ್ತ, ನಾವು ಏನೂ ಮಾಡಲಾಗಲಿಲ್ಲ ಅನ್ನೋದು ಆ ಊರಿಗೆ ನುಂಗಲಾರದ ಮಾತು. ಅದಕ್ಕೇ ಆ ಸಾವನ್ನ, ತಾವು ನಿಜವಾಗಿ ಬಡಿದಾಡಿದ ವರ್ಷಕ್ಕೆ ತಂದಿಟ್ಟುಕೊಂಡರು. ಇಸವಿ ತಪ್ಪು. ನೋವು ಸರಿ. ಎರಡನ್ನೂ ಹೇಳಬೇಕು, ಒಂದನ್ನ ಇನ್ನೊಂದರಿಂದ ಅಳಿಸಬಾರದು.

ಈಗ ಮಸಗುಪ್ಪಿಗೆ ಬನ್ನಿ. ನೆರೆ ಬಂದಾಗ ನಾವು ಟಿವಿಯಲ್ಲಿ ಕ್ಯೂಸೆಕ್ ಲೆಕ್ಕ ಹೇಳ್ತೀವಿ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್, ಒಂದು ಲಕ್ಷ ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಲಕ್ಷ ಲೀಟರ್. ನದಿ ದಂಡೆಯ ಊರಿನ ಲೆಕ್ಕ ಬೇರೆ. ಹೊಸ್ತಿಲು, ಕಟ್ಟೆ, ಕಿಟಕಿ, ತೊಲೆ. ಸರ್ವೇ ಕಲಿಸುವಾಗ ನಮಗೆ ಬೆಂಚ್ ಮಾರ್ಕ್ ಅಂತ ಹೇಳಿಕೊಡ್ತಾರೆ, ಕದಲದ ಒಂದು ಗುರುತು, ಅಲ್ಲಿಂದಲೇ ಉಳಿದ ಎತ್ತರ ಅಳೆಯೋದು. ದಂಡೆಯ ಜನ ಗುಡಿಯ ಮೆಟ್ಟಿಲನ್ನ, ಹುಣಸೆ ಮರದ ಬುಡವನ್ನ ಬೆಂಚ್ ಮಾರ್ಕ್ ಮಾಡ್ಕೊಂಡಿರ್ತಾರೆ. ಯಾವ ಓಣಿಗೆ ನೀರು ಮೊದಲು ನುಗ್ಗುತ್ತೆ, ರಾತ್ರಿ ಬಂದರೆ ಯಾವ ದಾರಿ ಮುಚ್ಚುತ್ತೆ, ಲೋಳಸೂರ ಸೇತುವೆ ಮುಳುಗಿದರೆ ಆಸ್ಪತ್ರೆಗೆ ಹೇಗೆ ಹೋಗಬೇಕು, ಇದೆಲ್ಲ ಅವರ ಕಥೆಯ ಒಳಗೇ ಇದೆ. ಪ್ರವಾಸಿಗೆ ಅದು ಕಥೆ. ಮುಂದಿನ ಮಳೆಗಾಲಕ್ಕೆ ತಹಶೀಲ್ದಾರರಿಗೆ ಅದೇ ಮಾಹಿತಿ.

ಕಥೆ ಕೇಳೋದು ಹೇಗೆ? ಇದರಲ್ಲಿ ನಮ್ಮ ವೃತ್ತಿಯವರು ಕಲಿಸೋಕಿಂತ ಕಲಿಯೋದು ಜಾಸ್ತಿ. ನಾವು ಮೈಕ್ ಚಾಚಿ ‘ಏನ್ ಅನ್ನಿಸ್ತಿದೆ ಈಗ?’ ಅಂತೀವಿ. ಮನೆ ಕೊಚ್ಚಿಹೋದವರಿಗೆ ಏನು ಅನ್ನಿಸುತ್ತೆ! ಕೇಳಬೇಕಾದ್ದು, ‘ಮನೆ ಬಿಡುವಾಗ ಮೊದಲು ಏನು ಎತ್ಕೊಂಡ್ರಿ?’ ಅಂತ. ಒಬ್ಬರು ರೇಷನ್ ಕಾರ್ಡ್ ಅಂತಾರೆ, ಒಬ್ಬರು ಕುರಿಮರಿ ಅಂತಾರೆ, ಒಬ್ಬರು ಸತ್ತ ಗಂಡನ ಫೋಟೋ ಅಂತಾರೆ. ಆಮೇಲೆ ಸುಮ್ಮನಿರಬೇಕು. ಸುಮ್ಮನಿರೋದು ಆ್ಯಂಕರ್‌ಗಳಿಗೆ ಎಷ್ಟು ಕಷ್ಟ ಅಂತ ನೀವು ದಿನಾ ರಾತ್ರಿ ನೋಡ್ತೀರಿ.

ಮೊಬೈಲ್ ಸಾಕು, ಜೊತೆಗೆ ಒಂದು ಕಾಲರ್ ಮೈಕ್. ಫ್ಯಾನ್ ಆಫ್ ಮಾಡಿ. ಅವರ ಮನೆಯಲ್ಲೇ ಕೂರಿ, ಪಂಚಾಯಿತಿ ಆಫೀಸಿನಲ್ಲಿ ಬೇಡ, ಅಲ್ಲಿ ಎಲ್ಲರೂ ಅರ್ಜಿಯ ಭಾಷೆ ಮಾತಾಡ್ತಾರೆ. ಗಂಡನ ಎದುರು ಹೆಂಡತಿಯನ್ನ ಕೇಳಬೇಡಿ, ಅವನೇ ಉತ್ತರ ಹೇಳ್ತಾನೆ. ಊರ ಗೌಡರ ಮನೆಯಿಂದ ಶುರು ಮಾಡಿದರೆ ಅಲ್ಲೇ ಮುಗಿಯುತ್ತೆ, ಆದ್ದರಿಂದ ಊರ ಕೊನೆಯ ಓಣಿಯಿಂದ ಶುರು ಮಾಡಿ. ಹೊಲ ಇಲ್ಲದೆ ಕೂಲಿಗೆ ಹೋಗೋರಿಗೂ ನೆರೆ ಬಂದಿತ್ತು, ಅವರ ನಷ್ಟ ಪಹಣಿಯಲ್ಲಿ ಇರಲ್ಲ. ‘ಬಂದೇವ್ರಿ’ ಅಂದಿದ್ದನ್ನ ‘ಬಂದಿದ್ದೇವೆ’ ಅಂತ ತಿದ್ದಬೇಡಿ. ಒಂದು ಗಂಟೆಯ ಮಾತನ್ನ ಬರಹಕ್ಕೆ ಇಳಿಸೋಕೆ ಐದಾರು ಗಂಟೆ ಬೇಕು, ಆ ಸಂಬಳವನ್ನ ಯೋಜನೆಯಲ್ಲಿ ಮೊದಲೇ ಬರೀರಿ. ಮೂಲ ರೆಕಾರ್ಡಿಂಗ್ ಎರಡು ಬೇರೆ ಬೇರೆ ಕಡೆ ಇಡಿ. ಈ ಕೊನೆಯ ಮಾತು ನಾನು ಅನುಭವದಿಂದ ಹೇಳ್ತಿದೀನಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಈ ಸೀಮೆಗೆ ಕಥೆ ಹೇಳೋದೇನು ಹೊಸದಲ್ಲ. ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನ ಊರೂರಿಗೆ ಒಯ್ದ ಕುಲಗೋಡ ತಮ್ಮಣ್ಣ ಇದೇ ನೆಲದವರು. ಹೆಣ್ಣುಮಗಳೊಬ್ಬಳು ರಂಗಕ್ಕೆ ಬರೋದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಅದೇ ಆಟದಿಂದ ಹೆಸರಾದ ಕೌಜಲಗಿ ನಿಂಗಮ್ಮನೂ ಇಲ್ಲಿಯವರೇ. ಬಸವರಾಜ ಕಟ್ಟೀಮನಿ ಹುಟ್ಟಿದ ಮಲಾಮರಡಿ ಗೋಕಾಕ ತಾಲ್ಲೂಕಿನದು. ಗೋಕಾಕದ ಬಣ್ಣದ ಕಟ್ಟಿಗೆ ಗೊಂಬೆ, ಹಣ್ಣು ತರಕಾರಿ ಮಾಡುವ ಜೀನಗಾರ ಮನೆಗಳಲ್ಲಿ ಕೂತರೆ ಒಂದು ಮಾವಿನಹಣ್ಣಿಗೆ ಬಣ್ಣ ಬರೋವರೆಗೆ ಒಂದು ಕಥೆ ಮುಗಿಯುತ್ತೆ. ಕರದಂಟು ಡಬ್ಬಿಯ ಮೇಲೆ ಅಂಗಡಿಯ ಹೆಸರು ಇರುತ್ತೆ. ಒಲೆ ಮುಂದೆ ನಿಂತು ಬೆಲ್ಲದ ಪಾಕದ ಹದ ನೋಡೋ ಕೈಯ ಹೆಸರು ಇರಲ್ಲ.

ಮೇಲ್ಗಡೆ ಹಿಡಕಲ್ ಕಥೆ ಇನ್ನೊಂದು. 1977ರಲ್ಲಿ ಕೆಲಸ ಮುಗಿದ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳ್ಳಿಗಳು ಹೋದವು. ಹುನ್ನೂರಿನ ವಿಠ್ಠಲನ ಗುಡಿ ಈಗಲೂ ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಬರುತ್ತೆ, ಮಳೆಗಾಲದಲ್ಲಿ ಮುಳುಗುತ್ತೆ. ಫೋಟೋ ತೆಗೆಯೋಕೆ ಜನ ಹೋಗ್ತಾರೆ. ಆ ಗುಡಿಯ ಸುತ್ತ ಆಡಿ ಬೆಳೆದವರು ಇವತ್ತು ಅರವತ್ತು ದಾಟಿದವರು. ಯಾರ ನೀರಾವರಿಗೆ ಯಾರು ಊರು ಬಿಟ್ಟರು ಅನ್ನೋದು ಈ ನದಿಯ ಅರ್ಧ ಕಥೆ. ಕೆಳಗೆ ಬಾಗಲಕೋಟೆಯವರೆಗೂ ಅದೇ ಕಥೆ, ಅಲ್ಲಿ ಮುಳುಗಿಸಿದ್ದು ಆಲಮಟ್ಟಿಯ ಹಿನ್ನೀರು.

ಇಲ್ಲಿ ಒಂದು ಗಟ್ಟಿ ತಕರಾರು ಇದೆ, ಅದನ್ನ ದಾಟಿ ಹೋಗೋಕಾಗಲ್ಲ. ಜನರ ದುಃಖಕ್ಕೆ ಟಿಕೆಟ್ ಇಟ್ಟು ತೋರಿಸೋದಾ? ಬಸ್ಸಿನಲ್ಲಿ ಬಂದವರು ನೆರೆ ಬಂದ ಮನೆಯ ಗೋಡೆ ನೋಡಿ, ‘ಅಯ್ಯೋ ಪಾಪ’ ಅಂದು, ಚಿಪ್ಸ್ ಪ್ಯಾಕೆಟ್ ಬಿಸಾಕಿ ಹೋಗೋದಾ? ಹಾಗಿದ್ದರೆ ಬೇಡವೇ ಬೇಡ, ನಾನೇ ಮೊದಲು ವಿರೋಧ ಮಾಡ್ತೀನಿ.

ಆದರೆ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಇದೇ ಪ್ರಶ್ನೆಗೆ ಜನ ಒಂದು ಉತ್ತರ ಹುಡುಕಿದರು. ಡಿಸ್ಟ್ರಿಕ್ಟ್ ಸಿಕ್ಸ್ ಅನ್ನೋ ಬಡಾವಣೆಯನ್ನ 1966ರಲ್ಲಿ ಬಿಳಿಯರಿಗೆ ಮಾತ್ರ ಅಂತ ಸರ್ಕಾರ ಘೋಷಿಸಿತು. ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನ ಎಬ್ಬಿಸಿ, ಮನೆಗಳನ್ನ ಬುಲ್ಡೋಜರ್‌ನಿಂದ ನೆಲಸಮ ಮಾಡಿದರು. 1994ರಲ್ಲಿ ಒಂದು ಹಳೇ ಚರ್ಚಿನಲ್ಲಿ ಮ್ಯೂಸಿಯಂ ತೆರೆಯಿತು. ನೆಲದ ಮೇಲೆ ಬಡಾವಣೆಯ ದೊಡ್ಡ ನಕ್ಷೆ ಹಾಸಿದರು. ಅಲ್ಲಿ ಇದ್ದವರು ಬಂದು, ಬಗ್ಗಿ, ತಮ್ಮ ಮನೆ ಇದ್ದ ಜಾಗದಲ್ಲಿ ತಮ್ಮ ಹೆಸರು ತಾವೇ ಬರೆದರು. ನೆಲಸಮ ಮಾಡೋ ಕೆಲಸದಲ್ಲಿದ್ದವನೊಬ್ಬ ಎತ್ತಿಟ್ಟುಕೊಂಡಿದ್ದ ಬೀದಿಗಳ ಫಲಕಗಳು ಅಲ್ಲಿ ತೂಗ್ತಾ ಇವೆ. ನಿಮ್ಮನ್ನ ಸುತ್ತಾಡಿಸಿ ತೋರಿಸೋರೂ ಅಲ್ಲೇ ಬಾಳಿದವರು. ಪ್ರವಾಸಿಗರೂ ಬರ್ತಾರೆ, ಆದರೆ ಅದು ಮೊದಲು ಅವರ ಮನೆ, ಆಮೇಲೆ ನಮ್ಮ ನೋಟ. ಏನು ಹೇಳಬೇಕು, ಏನು ಹೇಳಬಾರದು ಅಂತ ತೀರ್ಮಾನ ಮಾಡೋರು ಯಾರು? ವ್ಯತ್ಯಾಸ ಅಷ್ಟೇ, ಅದೇ ಎಲ್ಲಾ.

ಗೋಕಾಕದಲ್ಲಿ ಇದಕ್ಕೆ ಕೋಟಿಗಟ್ಟಲೆ ಕಟ್ಟಡ ಬೇಕಿಲ್ಲ. ಜಲಪಾತದ ಹತ್ತಿರ ಒಂದು ಕೋಣೆ ಸಾಕು. ನೆಲದ ಮೇಲೆ ಹಿಡಕಲ್‌ನಿಂದ ಮಸಗುಪ್ಪಿ, ಢವಳೇಶ್ವರದವರೆಗೆ ನದಿಯ ನಕ್ಷೆ. ಒಂದೊಂದು ಊರಿನ ಮುಂದೆ ನಿಂತರೆ ಆ ಊರಿನವರ ದನಿ, ಅವರದೇ ಭಾಷೆಯಲ್ಲಿ. ಗಿರಣಿ ಗೋಡೆಯ ಪಕ್ಕ ನಡೆದುಹೋಗುವಾಗ ಅಲ್ಲಿ ಕೆಲಸ ಮಾಡಿದವರೇ ಜೊತೆಗೆ ಬರಲಿ, ಅದಕ್ಕೆ ದಿನಗೂಲಿ ಸಿಗಲಿ. ಬೇಸಿಗೆಯಲ್ಲಿ ಬಂಡೆ ಒಣಗಿದಾಗಲೂ ನೋಡೋಕೆ, ಕೇಳೋಕೆ ಏನೋ ಇರುತ್ತೆ. ಮಸಗುಪ್ಪಿಗೆ ಪ್ರವಾಸಿ ಬರಬೇಕೋ ಬೇಡವೋ ಅನ್ನೋದನ್ನ ಗ್ರಾಮಸಭೆ ಹೇಳಲಿ. ಬೇಡ ಅಂದರೆ ಬೇಡ. ದನಿ ಮಾತ್ರ ಜಲಪಾತದ ಹತ್ತಿರ ಬರಲಿ, ನೀರು ನೋಡೋಕೆ ಬಂದವರು ಅದು ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿಸಿಕೊಂಡು ಹೋಗಲಿ.

ಒಪ್ಪಿಗೆ ವಿಷಯದಲ್ಲಿ ಗಡಿಬಿಡಿ ಬೇಡ. ಖಾಲಿ ಹಾಳೆಗೆ ಹೆಬ್ಬೆಟ್ಟು ಹಾಕಿಸಿಕೊಳ್ಳೋ ಚಾಳಿ ನಮ್ಮಲ್ಲಿ ಹಳೆಯದು. ರೆಕಾರ್ಡ್ ಮಾಡಿದ್ದನ್ನ ಮೊದಲು ಅವರಿಗೇ ಕೇಳಿಸಬೇಕು. ಹೆಸರು ಹಾಕಬೇಕಾ ಬೇಡವಾ, ಯಾವ ಮಾತು ತೆಗೆಯಬೇಕು ಅಂತ ಕೇಳಬೇಕು. ನಾಳೆ ಮನಸ್ಸು ಬದಲಾದರೆ ವಾಪಸ್ ತಗೊಳ್ಳೋ ಹಕ್ಕು ಅವರಿಗಿರಬೇಕು. ಒಂದು ಪ್ರತಿ ಅವರ ಮನೆಯಲ್ಲಿ ಉಳಿಯಬೇಕು. ಟಿಕೆಟ್ ಹಣ ಬಂದರೆ ಅದರಲ್ಲಿ ಊರಿಗೆ ಪಾಲು ಎಷ್ಟು ಅಂತ ಮೊದಲ ದಿನವೇ ಬರೆದಿಡಬೇಕು.

ಈಗ ಆಮೇಲೆ ಹೇಳ್ತೀನಿ ಅಂದ ಮಾತು. 2019ರ ಆ ಬುಲೆಟಿನ್‌ನ ಬಲಗಡೆ ಪರದೆಯಲ್ಲಿ ಒಬ್ಬ ಅಜ್ಜಿ ಮಾತಾಡಿದ್ದರು. ಪರಿಹಾರ ಕೇಂದ್ರದ ಶಾಲೆಯ ಜಗಲಿ ಮೇಲೆ ಕೂತು, ನಮ್ಮ ವರದಿಗಾರನಿಗೆ, ‘ತಮ್ಮಾ, ಹೊಸ್ತಿಲಾ ದಾಟಿದ ನೀರ ನೋಡೀವಿ, ತೊಲಿಗೆ ಮುಟ್ಟಿದ ನೀರ ನೋಡಿದ್ದಿಲ್ಲ. ಎತ್ತ ಬಿಚ್ಚಿ ಬಿಟ್ಟ ಬಂದೇವಿ. ಎಲ್ಲಿ ಹ್ವಾದುವೋ ಏನೋ’ ಅಂದರು. ನಾವು ಪ್ರಸಾರ ಮಾಡಿದ್ದು ಅಷ್ಟು, 18 ಸೆಕೆಂಡು. ವರದಿಗಾರ ಹೇಳಿದ, ಅಜ್ಜಿ ಇಪ್ಪತ್ತು ನಿಮಿಷದ ಮೇಲೆ ಮಾತಾಡಿದ್ರು, ಚಿಕ್ಕವರಿದ್ದಾಗಿನ ಹೊಳೆ, ದೋಣಿ, ತವರುಮನೆಗೆ ದಾಟಿಹೋಗ್ತಿದ್ದದ್ದು, ಎಲ್ಲಾ ಹೇಳಿದ್ರು ಅಂತ.

ಎರಡು ವರ್ಷದ ನಂತರ, 2021ರಲ್ಲಿ ಮತ್ತೆ ನೆರೆ ಬಂತು. ಅವರ ಪೂರ್ತಿ ಮಾತು ಹಾಕೋಣ ಅಂತ ನಾನು ಹಳೇ ಫೂಟೇಜ್ ಹುಡುಕಿಸಿದೆ. ಆಗ ನಾನಿದ್ದ ಕಡೆ, ಸರ್ವರ್‌ನಲ್ಲಿ ಜಾಗ ಸಾಲಲ್ಲ ಅಂತ ಮೂಲ ಫೈಲುಗಳನ್ನ ಅಳಿಸಿಹಾಕಿದ್ದರು. ಉಳಿದದ್ದು ಆ 18 ಸೆಕೆಂಡು. ಅದರ ಕೆಳಗಿನ ಪಟ್ಟಿಯಲ್ಲಿ ಅಜ್ಜಿಯ ಹೆಸರಿಲ್ಲ. ‘ನೆರೆ ಸಂತ್ರಸ್ತೆ, ಮಸಗುಪ್ಪಿ’ ಅಂತ ಇದೆ.